ಬಣ್ಣದಲ್ಲಿ ಗಿರಿಜೆ

ನಮ್ಮ ತಿಪಟೂರಿನ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆಯಿತ್ತು. ತೋಟದಿಂದ ಬಂದ ಒಣಮಟ್ಟೆ, ಸೋಗೆ, ಕಾಯಿಸಿಪ್ಪೆ ಎಲ್ಲವನ್ನೂ ನುಂಗಿ ಅದು ಬೆಳಗಿನಿಂದ ಕುದಿಯುತ್ತಲೇ ಇರುತ್ತಿತ್ತು. ಮಿಂದ ಮೈಗೆ ಹೊಗೆಯ ವಾಸನೆ ಅಂಟುವ ಆ ಬಚ್ಚಲಲ್ಲೇ ನಾನು ಬಣ್ಣದ ಫಿಲ್ಮು ತೊಳೆಯಲು ಕಲಿತೆ ಎಂದರೆ, ಓದುಗ ಮಿತ್ರರೇ, ನೀವು ನಕ್ಕರೂ ತಪ್ಪಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟರಿಗೆ ಇಂಥದೊಂದು ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಬೆಂಗಳೂರಿಗೆ ತೊಳೆಯಲು ಕಳಿಸಿದ ನನ್ನ ಮೊದಲ ಬಣ್ಣದ ಸುರುಳಿಯ ಬದಲು ಯಾರದೋ ಮದುವೆಯ ಚಿತ್ರಗಳು ಮರಳಿ ಬಂದಿದ್ದವು. ಅಂದಿನಿಂದ ನನ್ನ ಫಿಲ್ಮನ್ನು ಪರರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ಕ್ಯಾಮೆರಾ ಹಳೆಯದು, ಮೇಲೊಂದು ಕೆಳಗೊಂದು ಕಣ್ಣಿನದು. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ ಮೇಲಿನ ಗಾಜಿನೊಳಗೆ ನೋಡಬೇಕು. ಅಲ್ಲಿ ಲೋಕ ಎಡಬಲ ತಿರುಗಿ ನಿಂತಿರುತ್ತದೆ. ಅಂಗೈಯಗಲದ ಫಿಲ್ಮು, ಸುರುಳಿಗೆ ಹನ್ನೆರಡೇ ಚಿತ್ರ.

ದಬ್ಬೇಘಟ್ಟದಲ್ಲಿದ್ದ ನನ್ನ ತಂಗಿ ಗಿರಿಜೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದದ್ದು ಆ ವರ್ಷವೇ. ಬೆಂಗಳೂರಿನಲ್ಲಿ ಆಪರೇಷನ್ ಎಂದು ಗೊತ್ತಾದ ಮೇಲೆ ನನ್ನನ್ನು ಕರೆಸಿಕೊಂಡಳು. ಐದು ವರ್ಷದ ಮಗಳು ರೂಪಳನ್ನು ಪಕ್ಕಕ್ಕೆ ಎಳೆದುಕೊಂಡು, ಹಸಿರು ರೇಷ್ಮೆಯುಟ್ಟು ಅಂಗಳದಲ್ಲಿ ಕುಳಿತಿದ್ದಳು.

"ಕಪ್ಪುಬಿಳುಪು ಬ್ಯಾಡ ಕಣಣ್ಣ. ಗೋಡೆ ಮ್ಯಾಲೆ ಹಾರ ಹಾಕುಸ್ಕೊಂಡಿರೋರೆಲ್ಲಾ ಕಪ್ಪುಬಿಳುಪಾಗೇ ಅವ್ರೆ. ನನ್ನ ಬಣ್ಣದಾಗೆ ತೆಗಿ" ಎಂದಳು.

ತೆಗೆದೆ. ತೋಟದ ಗರಿಗಳ ನೆರಳು ಮುಖಕ್ಕೆ ಬೀಳದ ಜಾಗ ನೋಡಿ, ಉಸಿರು ಬಿಗಿಹಿಡಿದು ಹನ್ನೆರಡನ್ನೂ ಮುಗಿಸಿದೆ. ಅವಳು ಬೆಂಗಳೂರಿಗೆ ಹೊರಟುಹೋದಳು. ಸುರುಳಿ ಐದು ದಿನ ನನ್ನ ಮೇಜಿನ ಮೇಲೆ ಹಾಗೇ ಕುಳಿತಿತ್ತು. ಅದಕ್ಕೆ ಮುಂಚೆ ನಾನು ತೊಳೆದದ್ದು ಎರಡೇ ಸುರುಳಿ, ಅದರಲ್ಲೊಂದು ಪೂರ್ತಿ ಹಾಳು. ಇದೂ ಹಾಳಾದರೆ? ಚಿತ್ರ ಅಳಿಸಿಹೋದರೆ ಅವಳೂ ಬಾರಳು ಎಂಬ ಯೋಚನೆ ಒಳಗೆ ಎಲ್ಲಿಂದಲೋ ನುಸುಳಿ ಬೇರೂರಿತ್ತು. ಮಕ್ಕಳಿಗೆ ಕಾರ್ಯಕಾರಣ ಪಾಠ ಹೇಳುವವನಿಗೆ ಇದನ್ನು ಯಾರ ಮುಂದೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಆಪರೇಷನ್ನಿನ ದಿನ ನನ್ನ ಹೆಂಡತಿ ಶಾರದೆಯೇ ಹೇಳಿದಳು: "ಸುಮ್ನೆ ಕೂತು ಹೆದ್ರುಕೊಳ್ಳೋ ಬದ್ಲು ಅದ್ನಾದ್ರೂ ತೊಳೀರಿ."

ಬೆಳಕು ನುಸುಳದ, ತೋಳಿರುವ ಕಪ್ಪು ಚೀಲದೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಫಿಲ್ಮನ್ನು ಡಬ್ಬಿಯ ಚಕ್ರಕ್ಕೆ ಸುತ್ತತೊಡಗಿದೆ. ಬೆವರಿದ ಬೆರಳಿಗೆ ಅದು ಒಂದೆಡೆ ಜಾರಿ ಮಡಿಸಿಕೊಂಡಿತು; ಬಿಡಿಸಿದೆನೋ ಇಲ್ಲವೋ ತಿಳಿಯಲಿಲ್ಲ. ಔಷಧಿಯ ನೀರು ಮೂವತ್ತೆಂಟು ಡಿಗ್ರಿಯಲ್ಲೇ ಇರಬೇಕು, ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ. ಎತ್ತಿಕೊಂಡು ತಿರುಗುವಾಗ ಉಷ್ಣಮಾಪಕ ಹಂಡೆಯ ಕಂಠಕ್ಕೆ ತಾಗಿ ಒಡೆಯಿತು. ಪಾದರಸದ ಮಣಿಗಳು ಬಚ್ಚಲಕಲ್ಲಿನ ಮೇಲೆ ಚೆಲ್ಲಾಪಿಲ್ಲಿಯಾದವು. ನಾನು ಅಲ್ಲೇ ಕುಸಿದು ಕುಳಿತೆ. "ಮುಗೀತು" ಎಂದೆ.

ಶಾರದೆ ಒಳಗೆ ಬಂದು ಗಾಜಿನ ಚೂರುಗಳನ್ನು ನೋಡಿದಳು. "ಎಷ್ಟು ಬಿಸಿ ಬೇಕು, ಏಳಿ."

"ಮೈಗಿಂತ ಒಂದು ಚೂರು ಹೆಚ್ಚು."

"ಅಷ್ಟೇ ತಾನೆ? ಬುಡ್ರೀ, ಎರಡು ಎಳೇ ಮಕ್ಳಿಗೆ ನೀರು ಹದ ಮಾಡಿರೋಳು ನಾನು" ಎಂದು ಬೋಗುಣಿಯಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿದಳು. ಇನ್ನೊಂದು ಚೆಂಬು ತಣ್ಣೀರು, ಮತ್ತೆ ಮೊಣಕೈ. "ಈಗ ಇಡಿ."

ಔಷಧಿಯ ಸೀಸೆಗಳನ್ನು ಆ ನೀರಿನಲ್ಲಿಟ್ಟು, ಕಾದ ಮೇಲೆ ಒಂದೊಂದಾಗಿ ಡಬ್ಬಿಗೆ ಸುರಿದೆ. ಡಬ್ಬಿಯನ್ನು ಮಗುಚುತ್ತಾ ಸೆಕೆಂಡು ಎಣಿಸುವಾಗ ಅಲ್ಲಿ ಗಿರಿಜೆಯ ಮೇಲೆ ಈಗ ಕತ್ತಿಯಾಡುತ್ತಿರಬಹುದೆಂದು ನೆನಪಾಗಿ ಲೆಕ್ಕ ತಪ್ಪುತ್ತಿತ್ತು. ಪಕ್ಕದಲ್ಲಿ ಶಾರದೆ ಗಟ್ಟಿಯಾಗಿ ಎಣಿಸುತ್ತಾ ನಿಂತಳು.

ಕೊನೆಗೆ ಫಿಲ್ಮನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಮಡಿಸಿಕೊಂಡ ಕಡೆ ಎರಡು ಚಿತ್ರಗಳು ಕಲೆಗಟ್ಟಿ ಹೋಗಿದ್ದವು. ಉಳಿದವುಗಳಲ್ಲಿ ತಂಗಿಯಿದ್ದಳು, ನೆಗೆಟಿವಿನ ತಿರುಗುಮುರುಗು ಬಣ್ಣದಲ್ಲಿ. ಮುಖ ಕಪ್ಪು, ಕುಂಕುಮ ಹಸಿರು, ತಲೆಗೂದಲು ಪೂರಾ ನರೆತಂತೆ ತಿಳಿ. ನೋಡುತ್ತಾ ಅನ್ನಿಸಿತು: ಹೀಗೇ ತಲೆ ನರೆಯುವ ತನಕ ಇರಲಿ, ಅಷ್ಟು ಸಾಕು.

ಸಂಜೆ ನಮ್ಮ ಬೀದಿಯ ಕೊಬ್ಬರಿ ಮಂಡಿಯ ಫೋನಿಗೆ ಗಿರಿಜೆಯ ಗಂಡನ ಕರೆ ಬಂತು. "ಗಡ್ಡೆ ತೆಗುದ್ರಂತೆ. ಗಿರಿಜಾ ಕಣ್ಣು ಬುಟ್ಟಳು" ಎಂದವರು ಅತ್ತುಬಿಟ್ಟರು.

ಅವಳು ಊರಿಗೆ ಮರಳಿದ ಮೇಲೆ, ತುಮಕೂರಿನಲ್ಲಿ ಎದುರೇ ನಿಂತು ಹಾಕಿಸಿದ ದೊಡ್ಡ ಪ್ರತಿಯೊಂದನ್ನು ಹೆಮ್ಮೆಯಿಂದ ಒಯ್ದುಕೊಟ್ಟೆ. ಗಿರಿಜೆ ಬಹಳ ಹೊತ್ತು ನೋಡಿದಳು. ರೇಷ್ಮೆಯ ಹಸಿರು ಹಸಿರಾಗಿಯೇ ಇತ್ತು. ತುಟಿಯ ಮೇಲೆ ನಗುವಿತ್ತು. ಆದರೆ ಮಗಳ ಬೆನ್ನ ಹಿಂದಿನಿಂದ ಬಂದ ಅವಳ ಕೈ ಮಗುವಿನ ಲಂಗವನ್ನು ಮುಷ್ಟಿಯಲ್ಲಿ ಬಿಗಿದು ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗುವಷ್ಟು. ತೆಗೆಯುವಾಗಲಿ ಪ್ರತಿ ಹಾಕಿಸುವಾಗಲಿ ಅದನ್ನು ನಾನು ಗಮನಿಸಿರಲಿಲ್ಲ.

"ಇದು ರೂಪನ ಕಣ್ಣಿಗೆ ಬೀಳ್ಬಾರ್ದು ಕಣಣ್ಣ" ಎಂದಳು ಮೆಲ್ಲಗೆ. "ಸಂತೆಗೋಗಿ ಬತ್ತೀನಿ ಅಂತ ಯೋಳಿ ಹೋಗಿದ್ದೆ ಅವಳಿಗೆ."

ಚಿತ್ರವನ್ನು ನನ್ನ ಕೈಗೇ ಮರಳಿಸಿದಳು. ಅವಳ ಮುಖ ಉಳಿಯದೇ ಹೋದೀತೆಂದು ನಾನು ಹೆದರಿದ್ದೆ. ಫಿಲ್ಮು ಅವಳು ಬಚ್ಚಿಟ್ಟದ್ದನ್ನೂ ಉಳಿಸಿಬಿಟ್ಟಿತ್ತು.

ರೂಪ ಈಗ ನಮ್ಮ ಹೈಸ್ಕೂಲಿನಲ್ಲೇ ಓದುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು ಕೇಳಿದಳು: "ಮಾವ, ನಾನು ಚಿಕ್ಕೋಳಿದ್ದಾಗ ಅಮ್ಮನ ಜೊತೆ ನಮ್ಮಂಗಳದಲ್ಲಿ ಫೋಟೋ ತೆಗ್ದಿದ್ರಲ್ಲ, ಎಲ್ಲೋಯ್ತು ಅದು?"

ಶಾರದೆ ನನ್ನ ಮುಖ ನೋಡಿದಳು.

"ತೊಳೆಯುವಾಗ ಕೆಟ್ಟುಹೋಯ್ತು ಕಣಮ್ಮ" ಎಂದೆ.