ಬಾಣ ತಗಲಿದರೂ ಸಾಯದ ಡಾಕ್ಟರು

ಡಾಕ್ಟರು ನಿಜವಾಗಿಯೂ ಡಾಕ್ಟರೇ ಹೌದೆಂದು ವಿಮಾ ಕಂಪನಿಗಳನ್ನು ನಂಬಿಸುವುದು ಶಾಂಭವಿಯ ಕೆಲಸ. ಹೊನ್ನಾವರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ, ಔಷಧಿ ಅಂಗಡಿಯ ಪಕ್ಕದ ಕಿಟಕಿಯ ಹಿಂದೆ ಅವಳ ಕುರ್ಚಿ. ಹೊಸ ಡಾಕ್ಟರು ಬಂದರೆ ಅವರ ಪದವಿ, ನೋಂದಣಿ, ಫೋಟೋ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಳಿಸಬೇಕು. ಕಂಪನಿ ಒಪ್ಪಿ ತನ್ನ ಪಟ್ಟಿಗೆ ಸೇರಿಸಿಕೊಂಡರೆ ಮಾತ್ರ ಅವರ ರೋಗಿಗಳಿಗೆ ಕೈಯಿಂದ ದುಡ್ಡು ಕಟ್ಟದ ಕ್ಯಾಶ್‌ಲೆಸ್ ಚಿಕಿತ್ಸೆ. ಕಳಿಸುವ ಮೊದಲು ಶಾಂಭವಿ ಮೇಜಿನ ಮೇಲಿರುವ ಇಡಗುಂಜಿ ಗಣಪನ ಫೋಟೋಕ್ಕೆ ಕೈಮುಗಿಯುತ್ತಾಳೆ. ಕಂಪನಿಯ ಸರ್ವರ್ ತನ್ನ ಇಲಿಗಿಂತಲೂ ನಿಧಾನವೆಂಬುದು ಗಣಪನಿಗೂ ಗೊತ್ತಿದ್ದೀತು.

ಮಾವಿನಕುರ್ವೆಯಲ್ಲಿರುವ ಅಮ್ಮನಿಗೆ ಮಗಳ ಕೆಲಸ ಇನ್ನೂ ಅರ್ಥವಾಗಿಲ್ಲ. "ಸೂಜಿ ಚುಚ್ಚಿದ್ರೆ ಗೊತ್ತಾಗುದಿಲ್ವನೆ, ಡಾಕ್ಟ್ರು ಹೌದೋ ಅಲ್ವೋ ಅಂತ?"

ಮೂಳೆ ಡಾಕ್ಟರು ರಾಜೀವ ಆಸ್ಪತ್ರೆಗೆ ಹೊಸದಾಗಿ ಸೇರಿದಾಗ ಎಲ್ಲರಿಗಿಂತ ಹೆಚ್ಚು ಆತುರ ಶಾಂಭವಿಯ ಚಿಕ್ಕಮ್ಮ ಲಕ್ಕಿಯದು. ಮೀನಿನ ಬುಟ್ಟಿ ಹೊತ್ತು ಹೊತ್ತು ಅವಳ ಸೊಂಟದ ಕೀಲು ಸವೆದುಹೋಗಿತ್ತು. ಮೀನುಗಾರರ ಸೊಸೈಟಿ ಮಾಡಿಸಿದ ವಿಮೆ ಇತ್ತು. ಮಂಗಳೂರಿಗೆ ಹೋದರೆ ಆಪರೇಶನ್ ನಾಳೆಯೇ ಆಗುತ್ತಿತ್ತು. ಲಕ್ಕಿ ಒಪ್ಪಲಿಲ್ಲ.

"ಮಂಗ್ಳೂರಲ್ಲಿ ಮಲಗಿದ್ರೆ ನನ್ನ ನೋಡೂಕೆ ಯಾರು ಬರ್ತ್ರು? ಊರಲ್ಲಿ ಯಾರ ಕಾಲು ಮುರಿದ್ರೂ, ಯಾರಿಗೆ ಹೆರಿಗೆಯಾದ್ರೂ ನಾ ಹೋಗಿ ನೋಡಿ ಬಂದಿದ್ದೆ. ಈಗ ಅವ್ರು ಬಂದು ನನ್ನ ನೋಡ್ಬೇಕಾ ಬೇಡ್ವಾ?"

ರಾಜೀವರ ಹೆಸರು ಪಟ್ಟಿಗೆ ಬರುವ ತನಕ ಲಕ್ಕಿ ಗೋಡೆ ಹಿಡಿದು ನಡೆಯುವುದೆಂದಾಯಿತು.

ಕಾಗದಗಳೆಲ್ಲ ಸರಿಯಾದವು. ಕೊನೆಗೆ ಕಂಪನಿ ಇನ್ನೊಂದು ಕೇಳಿತು: ಹೊರಗಿನ ಬೇರೊಬ್ಬ ಮೂಳೆ ಡಾಕ್ಟರು 'ಇವರನ್ನು ನಾನು ಬಲ್ಲೆ, ಇವರ ಕೈಗುಣ ಬಲ್ಲೆ' ಎಂದು ಸಹಿ ಹಾಕಿ ಕೊಡಬೇಕು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಮತ್ತೆ ಮೊದಲಿನಿಂದ.

ರಾಜೀವರನ್ನು ಬಲ್ಲವರೆಂದರೆ ಕುಮಟೆಯ ಮೂಳೆ ಡಾಕ್ಟರು ಲೋಕೇಶ. ಶಾಂಭವಿ ಬಸ್ಸು ಹತ್ತಿ ಅವರ ಮನೆಗೆ ಹೋದಳು. ಲೋಕೇಶರು ಚಾ ತರಿಸಿದರು, ಪೆನ್ನು ತೆಗೆದರು, ಹೆಸರು ಓದಿದರು, ಪೆನ್ನಿನ ಮುಚ್ಚಳ ಹಾಕಿದರು.

"ಆಗುದಿಲ್ಲ. ಅವರು ಸಾಯಲಿಲ್ಲ."

ಶಾಂಭವಿ ಚಾದ ಲೋಟ ಕೆಳಗಿಟ್ಟಳು.

ಒಳಗಿನಿಂದ ಲೋಕೇಶರ ಹೆಂಡತಿ ಸುಚಿತಾ ನಗುತ್ತ ಬಂದರು. "ಹೆದರಬೇಡಿ, ತಾಳಮದ್ದಳೆ ಕತೆ ಅದು."

ಇಬ್ಬರು ಡಾಕ್ಟರಿಗೂ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಪಾತ್ರದ ಮಾತು ಆಡಿದರೆ ಆಯಿತು. ಹೋದ ವರ್ಷದ ಪ್ರಸಂಗದಲ್ಲಿ ಲೋಕೇಶರು ಬಾಣ ಬಿಡುವ ದೇವರು, ರಾಜೀವರು ಬಾಣ ತಿಂದು ಸಾಯುವ ರಾಜ. ಬಾಣ ಬಿಟ್ಟರು. ರಾಜ ಬಿದ್ದ. ಬಿದ್ದಲ್ಲಿಂದಲೇ 'ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?' ಎಂದು ಕೇಳಲು ಶುರುಮಾಡಿದ. ದೇವರು ಏನು ಹೇಳಿದರೂ ಅದರ ಮೇಲೊಂದು ಪ್ರಶ್ನೆ. ಬೇಸತ್ತು, ಪದ ಹಾಡುವ ಭಾಗವತರು ರಾಜ ಬದುಕಿರುವಾಗಲೇ ಮಂಗಳ ಹಾಡಿ ಎದ್ದುಬಿಟ್ಟರು.

"ಮೂಳೆ ವಿಷಯದಲ್ಲಿ ನನ್ನ ತಾಯನ್ನಾದ್ರೂ ಅವರ ಕೈಗೆ ಕೊಡ್ತೆ," ಎಂದರು ಲೋಕೇಶ. "ಆದ್ರೆ ಸಹಿ ಬೇಕಾದ್ರೆ ಅವರು ಸಾಯ್ಬೇಕು. ಜನರ ಎದುರಿಗೆ."

ಹೊನ್ನಾವರಕ್ಕೆ ಮರಳಿ ಹೇಳಿದಾಗ ರಾಜೀವರು ಎಕ್ಸ್‌ರೇ ಕೆಳಗಿಟ್ಟರು. "ಪ್ರಶ್ನೆಗೆ ಉತ್ತರ ಕೊಡದೆ ಸಾಯಿ ಅಂದ್ರೆ ಸಾಯುದು ಹೇಗೆ ಶಾಂಭವಿ? ನೀನೇ ಹೇಳು."

ಅವಳು ಅವರ ವಾದ ಪೂರ್ತಿ ಮುಗಿಯುವ ತನಕ ಕೇಳಿದಳು. ಆಮೇಲೆ ಮೆಲ್ಲಗೆ, "ಹೊರಗೆ ನಮ್ಮ ಚಿಕ್ಕಿ ಕೂತಿದ್ದಾಳೆ ಸರ್," ಎಂದಳು.

ರಾಜೀವರು ಬಾಗಿಲ ಸಂದಿಯಿಂದ ನೋಡಿದರು. ಲಕ್ಕಿ ಬೆಂಚಿನ ಮೇಲೆ ಅರ್ಧ ಕೂತು, ಅರ್ಧ ನಿಂತು, ಸುತ್ತಲಿನವರಿಗೆ ಬಂಗಡೆ ಮೀನು ಆರಿಸುವ ಬಗೆ ಹೇಳುತ್ತಿದ್ದಳು.

"ಆತು. ಸಾಯ್ತೆ. ಆದ್ರೆ ಮರ್ಯಾದೆಯಿಂದ ಸಾಯ್ತೆ."

ಮುಂದಿನ ಆದಿತ್ಯವಾರ ಮಧ್ಯಾಹ್ನ ಕುಮಟೆಯ ದೇವಸ್ಥಾನದ ಸಭಾಭವನದಲ್ಲಿ ಅದೇ ಪ್ರಸಂಗ, ಅದೇ ಇಬ್ಬರು. ಮುಂದಿನ ಸಾಲಿನಲ್ಲಿ ಶಾಂಭವಿ, ಮಡಿಲಲ್ಲಿ ಸಹಿ ಬೇಕಾದ ಕಾಗದ. ಪಕ್ಕದಲ್ಲಿ ಕಾಲು ಚಾಚಿಕೊಂಡು ಲಕ್ಕಿ. ಬಾಣ ಬಿಟ್ಟರು. ರಾಜ ಬಿದ್ದ.

"ಸಾಯುವ ಮೊದಲು ಒಂದೇ ಒಂದು ಮಾತು," ಎಂದರು ರಾಜೀವ.

ಶಾಂಭವಿ ಕಣ್ಣು ಮುಚ್ಚಿ ಇಡಗುಂಜಿಯವನನ್ನು ನೆನೆದಳು. ಒಂದು ಮಾತು ಹತ್ತಾಯಿತು. ಹಳೆಯ ಪ್ರಶ್ನೆ ಮತ್ತೆ ಎದ್ದಿತು. ದೇವರ ಹಣೆ ಬೆವರಿತು. ಭಾಗವತರು ಮಂಗಳ ಹಾಡಲು ಗಂಟಲು ಸರಿಮಾಡಿಕೊಂಡರು. ಲಕ್ಕಿಗೆ ಇನ್ನು ತಡೆಯಲಾಗಲಿಲ್ಲ.

"ಡಾಕ್ಟ್ರೇ! ಒಂದ್ಸಲ ಸತ್ತುಬಿಡಿ ಮಾರಾಯ್ರೆ! ನನ್ನ ಸೊಂಟ ಉರೂದು ಕಾಣುದಿಲ್ವಾ?"

ಸಭೆಯೆಲ್ಲ ನಕ್ಕಿತು. ರಾಜೀವರು ಲಕ್ಕಿಯನ್ನು ನೋಡಿದರು, ಬಾಗಿಲ ಸಂದಿಯಿಂದ ನೋಡಿದ ಹಾಗೆಯೇ. ಆಮೇಲೆ ಕೈಮುಗಿದು, ಪಾತ್ರದ ದನಿಯಲ್ಲೇ ಹೇಳಿದರು: "ಸ್ವಾಮೀ, ನನ್ನ ಪ್ರಶ್ನೆ ಹಾಗೇ ಉಳಿದಿದೆ. ಆದರೆ ಪ್ರಶ್ನೆ ಕಾಯಬಲ್ಲದು, ನೋವು ಕಾಯಲಾರದು. ಸೋತೆನೆಂದು ತಿಳಿ." ತಲೆ ಬಾಗಿಸಿದರು. ಸತ್ತರು.

ಚಪ್ಪಾಳೆಯಷ್ಟೂ ಸತ್ತವರಿಗೇ ಬಿತ್ತು. ಲೋಕೇಶರ ಮುಖ ಸಪ್ಪೆಯಾಯಿತು. "ಇದು ಬಿಟ್ಟುಕೊಟ್ಟ ಸಾವು. ಗೆಲುವು ಲೆಕ್ಕಕ್ಕಿಲ್ಲ," ಎಂದು ಗೊಣಗಿದರು.

"ಸಹಿ ಹಾಕಿ, ಮನೆಗೆ ಹೋಗುವಾ," ಎಂದರು ಸುಚಿತಾ.

ಹಾಕಿದರು. 'ಅರ್ಜಿದಾರರ ಸ್ವಭಾವ' ಎಂಬಲ್ಲಿ ತುಸು ಯೋಚಿಸಿ ಬರೆದರು: ಹಿಡಿದ ಕೆಲಸ ಬಿಡುವವರಲ್ಲ; ರೋಗಿಗಾಗಿ ಏನನ್ನಾದರೂ ಬಿಡುವವರು.

ಆಪರೇಶನ್ ಹೊನ್ನಾವರದಲ್ಲೇ ಆಯಿತು. ಮಾವಿನಕುರ್ವೆಯಿಂದ ಜನ ಬಂದರು, ಬಂದೇ ಬಂದರು. ನರ್ಸು ರೂಪಾ ಒಂದು ಬಾಗಿಲಿನಿಂದ ಹೊರಗೆ ಕಳಿಸಿದರೆ ಇನ್ನೊಂದರಿಂದ ಒಳಗೆ ಬಂದರು. ದಿಂಬಿಗೆ ಒರಗಿದ್ದ ಲಕ್ಕಿ ಎಲ್ಲರಿಗೂ ಒಂದೇ ಮಾತು ಹೇಳಿದಳು:

"ನಿಮ್ಮ ಡಾಕ್ಟ್ರು ಎಂತ ಮಾಡ್ತ್ರು? ಗುಳಿಗೆ ಕೊಡ್ತ್ರು. ನಮ್ಮ ಡಾಕ್ಟ್ರು ನನ್ನ ಸೊಂಟಕ್ಕಾಗಿ ಒಂದ್ಸಲ ಸತ್ತೇ ತೋರಿಸಿದ್ರು!"