ಎರಡು ಸಲ ಶುರುವಾಗುತ್ತಿದ್ದ ಸರ್ವರ್

ನೊಣವಿನಕೆರೆಯ ಶಾಂತಕುಮಾರಿ ತಿಪಟೂರಿಗೆ ಬಂದದ್ದು ಕೊಬ್ಬರಿಯಾಗಲು ಅಟ್ಟದಲ್ಲಿಟ್ಟ ಕಾಯಿ ಆರಿಸುವ ಕೂಲಿಗೆ. ಬಿಡುವಿನಲ್ಲಿ ಟೈಪಿಂಗ್ ಕಲಿತು, ೨೦೦೨ರ ಹೊತ್ತಿಗೆ ಏಕಾಂತಯ್ಯನವರ ಕೊಬ್ಬರಿ ದರದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಳು. ನಾನು ಪಕ್ಕದಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದೆ. ನನಗೂ ಯಾವ ಮೇಷ್ಟರೂ ಕಲಿಸಿರಲಿಲ್ಲ. ತಾನಾಗಿ ಕಲಿತವರ ಕೈ ನೋಡಿದರೆ ಗೊತ್ತಾಗುತ್ತದೆ.

ಹರಾಜಿನ ದಿನ ಅವಳು ದರ ಟೈಪ್ ಮಾಡಿದರೆ, ಸರ್ವರ್ ಎಂಬ ಪ್ರೋಗ್ರಾಮು ಅದನ್ನು ಫೋನ್ ತಂತಿಯಲ್ಲಿ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದರದ ಬೋರ್ಡುಗಳಿಗೆ ಕಳಿಸುತ್ತಿತ್ತು. ಒಂದು ಬುಧವಾರ ತುರುವೇಕೆರೆಯಲ್ಲಿ ಹೊಸ ದರ, ಚಿಕ್ಕನಾಯಕನಹಳ್ಳಿಯಲ್ಲಿ ಹಳೇ ದರ. ಶನಿವಾರವೂ ಅದೇ ಪಾಡು.

"ಬೆರಳೊಂದು ಕಡೆ, ಗ್ಯಾನ ಒಂದು ಕಡೆ ನಿಂಗೆ," ಎಂದರು ಏಕಾಂತಯ್ಯ. "ಬರೋ ಬುಧವಾರನೂ ಹಿಂಗೇ ಆದ್ರೆ ಕಾಯಿ ರಾಶಿಗೇ ವಾಪಸ್ ಹೋಗು ಕಣವ್ವ."

ಆ ಬುಧವಾರವೂ ಹಾಗೇ ಆಯಿತು, ಮೂರು ಸಲ ಕಂಪ್ಯೂಟರ್ ಆಫ್ ಮಾಡಿ ಹಚ್ಚಿದರೂ ಸರಿಹೋಗಲಿಲ್ಲ. ಕಾಯಿ ಆರಿಸುವಾಗ ರಾಶಿಯನ್ನು ನೋಡಿ ಏನೂ ಹೇಳಲಾಗದು. ಒಳಗೆ ಕೊಬ್ಬರಿ ಒಣಗಿ ಬಿಟ್ಟಿದೆಯೇ ಎಂದು ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಬೇಕು. ಅವಳು ಹಾಗೆಯೇ, ಯಂತ್ರದೊಳಗೆ ಓಡುತ್ತಿದ್ದ ಕೆಲಸಗಳ ಪಟ್ಟಿ ತೆರೆದು ಒಂದೊಂದಾಗಿ ಓದಿದಳು. ಸರ್ವರ್ ಹೆಸರು ಎರಡು ಕಡೆ ಇತ್ತು. ಮೊದಲನೆಯದನ್ನು ನಿಲ್ಲಿಸಿ, ಚಿಕ್ಕನಾಯಕನಹಳ್ಳಿಯ ಬೋರ್ಡು ನೋಡಿಕೊಳ್ಳುವ ದೊಡ್ಡಣ್ಣನಿಗೆ ಫೋನ್ ಮಾಡಿದಳು.

"ಇದ್ದ ಹಳೇದೂ ಹೋಯ್ತಲ್ಲವ್ವ," ಎಂದ ದೊಡ್ಡಣ್ಣ.

"ಹೋಗ್ಲಿ ಬುಡಣ್ಣ. ಎರಡು ನಿಮಿಷ ನೋಡ್ತಿರು."

ಉಳಿದ ಸರ್ವರ್ ಎರಡೂ ತಂತಿ ಹಿಡಿಯಿತು. ದೊಡ್ಡಣ್ಣ ಓದಿ ಹೇಳಿದ್ದು ಹೊಸ ದರವನ್ನೇ.

ಆದದ್ದಿಷ್ಟು. ಯಂತ್ರ ಹಚ್ಚಿದೊಡನೆ ಸರ್ವರ್ ತಾನಾಗಿ ಏಳುವಂತೆ ರಿಪೇರಿಯವನು ಮಾಡಿಹೋಗಿದ್ದ. ಹರಾಜಿನ ದಿನದ ಕೆಲಸ ತಮ್ಮ ಕೈಯಿಂದಲೇ ಶುರುವಾಗಬೇಕೆಂಬ ಏಕಾಂತಯ್ಯ, ಯಂತ್ರ ಹಚ್ಚಿದಾಗಲೆಲ್ಲ ಊದುಬತ್ತಿ ಬೆಳಗಿ ಅದನ್ನೇ ಮತ್ತೊಮ್ಮೆ ಶುರು ಮಾಡುತ್ತಿದ್ದರು. ಅವಳು ಹಾಕಿದ ದರ ತುರುವೇಕೆರೆಯ ತಂತಿ ಹಿಡಿದ ಎರಡನೆಯದಕ್ಕೆ ಮಾತ್ರ ಹೋಗುತ್ತಿತ್ತು. ಮೊದಲನೆಯದು ಚಿಕ್ಕನಾಯಕನಹಳ್ಳಿಯ ತಂತಿ ಹಿಡಿದು ಹಳೆಯದನ್ನೇ ಸಾರುತ್ತಿತ್ತು.

"ಅಂದ್ರೆ ನನ್ನ ಕೈಗುಣ ಅಂತೀಯ?"

"ಇಬ್ರು ಶುರು ಮಾಡಂಗಿಲ್ಲ ಸ್ವಾಮಿ. ಒಂದೋ ನೀವು, ಇಲ್ಲಾ ಅದು."

ಏಕಾಂತಯ್ಯ ಊದುಬತ್ತಿಯ ಬೂದಿ ಕೊಡವಿದರು. "ಅದನ್ನ ತೆಗೆದಾಕು."

ತಾನಾಗಿ ಏಳುವುದನ್ನು ತೆಗೆದಳು, ಅವಳ ಕೆಲಸ ಉಳಿಯಿತು. ಆಮೇಲೆ ಅವರು ಬರುವುದು ತಡವಾದ ದಿನ ಎರಡೂ ಊರಿನ ಬೋರ್ಡು ಖಾಲಿ, ಇವಳು ಕೈಕಟ್ಟಿ ಕೂತಿರುವಳು.

"ನೀನೇ ಒತ್ತಿ ಶುರು ಮಾಡಬಾರದೇನವ್ವ?" ಎಂದೆ ಒಮ್ಮೆ.

"ಒತ್ತಬೌದು ಕಣಣ್ಣ. ಅವ್ರು ಬಂದು ಇನ್ನೊಂದ್ಸಲ ಒತ್ತದೆ ಇರ್ತಾರಾ?"