ಉಡದಾರದ ನಾಲ್ಕು ಗಂಟು

ಮಗಳು ಶ್ರಾವಣಿಯ ಉಡದಾರ ಸೊಂಟದಿಂದ ಜಾರಿ ತೊಡೆಗೆ ಬಂದಾಗ ನಾನು ಗಾಬರಿಯಾಗಲಿಲ್ಲ. ಎಂಟು ತಿಂಗಳ ಕೂಸು. ಅಂಬೆಗಾಲಿಡುತ್ತಿದ್ದಳು. "ದಾರ ಸಡ್ಲ ಆಗ್ಯಾದ ಬೇ, ಬ್ಯಾರೆ ಏನಿಲ್ಲ," ಎಂದು ಅತ್ತೆ ಗಂಟು ಹಾಕಿ ಬಿಗಿ ಮಾಡಿದರು. ಕೆಲವು ದಿನಕ್ಕೆ ಇನ್ನೊಂದು ಗಂಟು. ಆಮೇಲೆ ಮತ್ತೆರಡು.

ನಾವು ಯಾರೂ ಗಂಟು ಎಣಿಸಲಿಲ್ಲ.

ನಾವು ಇಜೇರಿಯವರು. ಕಬ್ಬು ಕಡಿಯುವ ಹಂಗಾಮಿಗೆ ಭೂಸನೂರಿನ ಹತ್ತಿರ ಗುಡಿಸಲು ಹಾಕಿದ್ದೆವು. ಅಂಗನವಾಡಿಯ ಪುಸ್ತಕದಲ್ಲಿ ನಮ್ಮ ಹೆಸರಿರುವುದು ಊರಲ್ಲಿ, ನಾವಿರುವುದು ಇಲ್ಲಿ. ಹಾಗಾಗಿ ಗುರುವಾರಕ್ಕೊಮ್ಮೆ ಗುಡಿಸಲಿಗೇ ಬರುತ್ತಿದ್ದ ಒಂದು ಸಂಸ್ಥೆಯ ಜೀಪೇ ನಮಗೆ ಆಸ್ಪತ್ರೆ. ಹಿಂದಿನ ಹಂಗಾಮಿನಲ್ಲಿ ನಾನು ಬಸುರಿಯಿದ್ದಾಗ ರಕ್ತ ಕಡಿಮೆ ಎಂದು ಗದರಿಸಿ ಗುಳಿಗೆ ನುಂಗಿಸಿದವರು ಅದರ ನರ್ಸಮ್ಮ. ಕೂಸುಗಳನ್ನು ತೂಗಿ ನೋಡುತ್ತಿದ್ದವರೂ ಅವರೇ. ಹೊರದೇಶದ ನೆರವು ನಿಂತಿದೆ, ಇನ್ನು ಬರುವುದಿಲ್ಲ ಎಂದು ಒಂದು ಗುರುವಾರ ಕಣ್ಣೀರು ಹಾಕಿ ಹೇಳಿ ಹೋದರು. ಅಲ್ಲೆಲ್ಲೋ ಕೂತು ಸಹಿ ಹಾಕಿದವರಿಗೆ ನಮ್ಮ ಗುಡಿಸಲು ಕಂಡಿರಲಿಕ್ಕಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ.

ತಕ್ಕಡಿ ಹೋಯಿತು. ಉಳಿದದ್ದು ಉಡದಾರ. ಅದು ಹೇಳಿದ್ದು ನಮಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಶ್ರಾವಣಿ ಅಳಲಿಲ್ಲ.

ಹಸಿದರೂ ಅಳಲಿಲ್ಲ, ಚಿವುಟಿದರೂ ಅಳಲಿಲ್ಲ. ಕುಡುಗೋಲು ಅಲ್ಲೇ ಬಿಟ್ಟು ಆಳಂದದ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಉಡದಾರ ಹಿಡಿದು ಗಂಟುಗಳ ಮೇಲೆ ಬೆರಳಾಡಿಸಿದರು.

"ದಾರ ಸಡ್ಲ ಆಗಿಲ್ಲವ್ವಾ. ಕೂಸು ಸೊರಗ್ಯಾದ."

ಅತ್ತೆ ತಾವು ಹಾಕಿದ ಗಂಟುಗಳನ್ನು ಆಗ ಎಣಿಸಿದರು. ನಾನು ಅವರನ್ನು ಬೈಯಲಿಲ್ಲ. ಬೈಯುವುದಿದ್ದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕಿತ್ತು.

ಅಂದೇ ಕಲಬುರಗಿಗೆ ಕಳಿಸಿದರು. ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿ ಅಡ್ಮಿಟ್. ಎರಡು ತಾಸಿಗೊಮ್ಮೆ ಮೂಗಿನ ಟ್ಯೂಬಿನಲ್ಲಿ ಹಾಲು, ಆಮೇಲೆ ಚಮಚದಲ್ಲಿ. ಮೊದಲ ಮೂರು ದಿನ ತೂಕ ಏರಲೇ ಇಲ್ಲ. ನಾಲ್ಕನೆಯ ದಿನ ಚಮಚ ಕಚ್ಚಿ ಹಿಡಿದಳು. ಬಿಡಲೊಲ್ಲಳು. ನಾನು ವಾರ್ಡಿನಲ್ಲೇ ಗಟ್ಟಿಯಾಗಿ ನಕ್ಕೆ, ಸಿಸ್ಟರ್ ಬೈದರೂ ನಕ್ಕೆ.

ಈಗ ಪ್ರತಿ ಗುರುವಾರ ಅತ್ತೆ ಗುಡಿಸಲು ಗುಡಿಸಲು ತಿರುಗುತ್ತಾರೆ. "ಉಡದಾರಕ್ಕ ಎಷ್ಟ್ ಗಂಟ್ ಹಾಕೀರಿ, ತೋರಸ್ರಿ," ಎಂದು ಕೇಳುತ್ತಾರೆ. ನೋಡದೆ ಬಿಡುವ ಹೆಂಗಸಲ್ಲ. ಹೀಗೆ ಇನ್ನೆರಡು ಕೂಸುಗಳು ಹೊತ್ತಿಗೆ ಸರಿಯಾಗಿ ಆಳಂದ ತಲುಪಿ ಜೀವ ಉಳಿಸಿಕೊಂಡಿವೆ. ಜೀಪು ಬಂದರೆ ನಾವು ಬೇಡ ಅನ್ನುವುದಿಲ್ಲ. ಅದು ಬರಲಿ ಎಂದು ಕಾಯುತ್ತಲೂ ಕೂತಿಲ್ಲ.

ಮೊನ್ನೆ ಶ್ರಾವಣಿಯ ಸೊಂಟದಲ್ಲಿ ಉಡದಾರ ಒತ್ತಿ ಕೆಂಪು ಗೆರೆ ಮೂಡಿತ್ತು. ಅತ್ತೆ ಒಂದೊಂದೇ ಗಂಟು ಬಿಚ್ಚಿದರು. ಕೊನೆಯದು ಕೈಯಿಂದ ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಬಿಡಿಸಬೇಕಾಯಿತು. ಸಿಟ್ಟಿಗೆದ್ದ ಶ್ರಾವಣಿ ಗುಡಿಸಲುಗಳಿಗೆಲ್ಲ ಕೇಳುವಂತೆ ಅತ್ತಳು.

ನಾನು ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ.